ಅಮ್ಮನಿಂದ ಮಗುವನ್ನು ದೂರ ಇಡುವ ಆ ಕಾಗದ ಎಲ್ಲಿದೆ?

ಉಡುಪಿ ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಹೆರಿಗೆ ಆಸ್ಪತ್ರೆಗಳ ಮುಖ್ಯಸ್ಥರಿಗೆ ಹಾಗೂ ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಡಾಕ್ಟರ್ ಅಲ್ಲ, ನರ್ಸ್ ಅಲ್ಲ. ಕಾಪು ತಾಲೂಕಿನ ಒಂದು ಸಹಕಾರಿ ಸಂಘದಲ್ಲಿ ಕ್ಲರ್ಕ್. ಸಾಲದ ಅರ್ಜಿ, ಠೇವಣಿ ರಶೀದಿ, ಜಾಮೀನಿನವರ ಸಹಿ, ಇದರಲ್ಲೇ ನನ್ನ ದಿನ ಹೋಗುತ್ತದೆ. ಯಾರಾದರೂ ಕೌಂಟರಿಗೆ ಬಂದು "ಹೀಗೆ ರೂಲ್ಸ್ ಉಂಟು" ಎಂದರೆ, ಆ ಸುತ್ತೋಲೆ ತೋರಿಸಿ, ತಾರೀಕು ನೋಡುವ ಎನ್ನುವುದು ನನ್ನ ಅಭ್ಯಾಸ. ಜನ ಬೈದುಕೊಳ್ಳುತ್ತಾರೆ, ಬೈಯಲಿ. ಆದರೆ 2021ರ ಮೇ ತಿಂಗಳಲ್ಲಿ ನಮ್ಮ ಕಡೆಯ ಒಂದು ಆಸ್ಪತ್ರೆಯ ವರಾಂಡದಲ್ಲಿ ನಿಂತಿದ್ದಾಗ ಆ ಪ್ರಶ್ನೆ ನನ್ನ ಬಾಯಿಗೆ ಬರಲಿಲ್ಲ. ನಾಲ್ಕು ವರ್ಷ ತಡವಾಗಿ ಈಗ ಕೇಳುತ್ತಿದ್ದೇನೆ: ಕೋವಿಡ್ ಇದ್ದ ತಾಯಿಯಿಂದ ಮಗುವನ್ನು ದೂರ ಇಡಬೇಕು ಎಂದು ಎಲ್ಲಿ ಬರೆದಿದೆ?

ನಡೆದದ್ದು ಹೀಗೆ. ನನ್ನ ತಂಗಿಗೆ ಅದು ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೋವಿಡ್‌ನ ಎರಡನೇ ಅಲೆ ಜೋರಾಗಿತ್ತು, ಬಯಕೆ ಶಾಸ್ತ್ರವನ್ನು ಮನೆಯವರು ನಾಲ್ಕು ಜನ ಸೇರಿ ಮುಗಿಸಿದ್ದೆವು. ಮೇ 12ಕ್ಕೆ ನೋವು ಶುರುವಾಯಿತು. ಎರಡು ದಿನದಿಂದ ಸಣ್ಣ ಜ್ವರ, ಸ್ವಲ್ಪ ಕೆಮ್ಮು ಇತ್ತು. ಆಸ್ಪತ್ರೆಯಲ್ಲಿ ಮೂಗಿನ ಸ್ವಾಬ್ ತೆಗೆದರು, ಪಾಸಿಟಿವ್ ಬಂತು. ಬೆರಳಿಗೆ ಆಕ್ಸಿಮೀಟರ್ ಇಟ್ಟರು, 97 ತೋರಿಸಿತು. ಮರುದಿನ ಬೆಳಿಗ್ಗೆ ಸಹಜವಾಗಿಯೇ ಹೆರಿಗೆ ಆಯಿತು. ಹೆಣ್ಣು ಮಗು, 2 ಕೆಜಿ 900 ಗ್ರಾಂ. ತಂಗಿ ಎದ್ದು ಕೂತು ಗಂಜಿ ಕುಡಿದಳಂತೆ. ಅಂದರೆ ಅವಳಿಗೆ ಉಸಿರಾಟದ ತೊಂದರೆ ಏನೂ ಇರಲಿಲ್ಲ, ಇದನ್ನು ನೀವು ಗಮನಿಸಬೇಕು.

ಮಗುವನ್ನು ಮಾತ್ರ ಹುಟ್ಟಿದ ಕೂಡಲೇ ಬೇರೆ ಕೋಣೆಗೆ ತೆಗೆದುಕೊಂಡು ಹೋದರು. ತಂಗಿ ಮುಖ ನೋಡಿದ್ದು ದೂರದಿಂದ, ಅದೂ ಅರ್ಧ ನಿಮಿಷ. ಮಗುವಿನ ಸ್ವಾಬ್ ನೆಗೆಟಿವ್ ಬಂತು. 15ರ ಮಧ್ಯಾಹ್ನ ಪಿಪಿಇ ಹಾಕಿದ ಒಬ್ಬರು ಸಿಸ್ಟರ್ ಬಂದು, ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವನ್ನು ನನ್ನ ಕೈಗೆ ಕೊಟ್ಟರು. "ತಾಯಿ ಪಾಸಿಟಿವ್ ಅಲ್ವಾ, ಹತ್ತಿರ ಇಡುವ ಹಾಗಿಲ್ಲ, ಹಾಲೂ ಕೊಡುವ ಹಾಗಿಲ್ಲ, ರೂಲ್ಸ್" ಎಂದರು. ಜೊತೆಗೆ ಒಂದು ಚೀಟಿ. ಅದರಲ್ಲಿ ಡಬ್ಬಿ ಹಾಲಿನ ಒಂದು ಕಂಪನಿಯ ಹೆಸರು, ಎಷ್ಟು ಚಮಚಕ್ಕೆ ಎಷ್ಟು ನೀರು ಎಂಬ ಲೆಕ್ಕ. ಅಷ್ಟೇ. ಡಬ್ಬಿ ಹಾಲಿನ ಪ್ರಚಾರಕ್ಕೆ ಆಸ್ಪತ್ರೆಯನ್ನು ಬಳಸಬಾರದು ಎಂದು 1992ರಲ್ಲೇ ಕಾನೂನು ಬಂದಿದೆ ಎನ್ನುವುದು ನನಗೆ ಆಮೇಲೆ ಗೊತ್ತಾದ ವಿಷಯ. ಆಗ ಅದೊಂದು ಔಷಧಿ ಚೀಟಿ ಎಂದೇ ತಿಳಿದು ಭದ್ರವಾಗಿ ಇಟ್ಟುಕೊಂಡಿದ್ದೆ. ಇನ್ನೊಂದು ಮಾತು, ಮಗುವಿನ ಮುಖಕ್ಕೆ ಯಾರೋ ಸಣ್ಣ ಬಟ್ಟೆಯ ಮಾಸ್ಕ್ ಕಟ್ಟಿದ್ದರು. ಎರಡು ವರ್ಷದ ಒಳಗಿನ ಮಕ್ಕಳಿಗೆ ಮಾಸ್ಕ್ ಹಾಕಲೇಬಾರದು, ಉಸಿರು ಕಟ್ಟುತ್ತದೆ. ಅದೂ ಆಗ ಗೊತ್ತಿರಲಿಲ್ಲ, ಆದರೆ ನೋಡಲಾರದೆ ಕಾರಿನಲ್ಲಿ ಬಿಚ್ಚಿ ಎಸೆದೆ.

ಆ ದಿನ ನಿಮಗೆ ನೆನಪಿರಬಹುದು. ಮೇ 10ರಿಂದ ಲಾಕ್‌ಡೌನ್ ಬಿಗಿಯಾಗಿತ್ತು, ರಸ್ತೆಗೆ ವಾಹನ ಇಳಿಸುವ ಹಾಗಿರಲಿಲ್ಲ. ತೌಕ್ತೆ ಚಂಡಮಾರುತ ಕರಾವಳಿಗೆ ಬಂದದ್ದೂ ಅದೇ ಹೊತ್ತಿಗೆ. ಭಾವ ಪೊಲೀಸರಿಗೆ ಚೀಟಿ ತೋರಿಸುತ್ತಾ ಮೂರು ಮೆಡಿಕಲ್ ಸುತ್ತಿ ಡಬ್ಬಿ ತಂದರು. ಸಂಜೆಗೆ ಗಾಳಿ ಎದ್ದಿತು. ರಾತ್ರಿ ತೆಂಗಿನ ಮರ ಬಿದ್ದು ಲೈನು ಹೋಯಿತು, ಕರೆಂಟಿಲ್ಲ. ಮೊಬೈಲ್ ಟಾರ್ಚಿನ ಬೆಳಕಿನಲ್ಲಿ ನೀರು ಕುದಿಸಿ, ಆರಿಸಿ, ಚಮಚ ಎಣಿಸಿ, ಅಟ್ಟದಿಂದ ತೆಗೆದ ಅಜ್ಜಿಯ ಕಾಲದ ಒಳಲೆಯಲ್ಲಿ ಹಾಲು ಕುಡಿಸಿದೆವು. ಮಗು ಅರ್ಧ ಕುಡಿಯುತ್ತಿತ್ತು, ಅರ್ಧ ಕಕ್ಕುತ್ತಿತ್ತು. ಹೊರಗೆ ಕಡಲು ಬೊಬ್ಬೆ ಹಾಕುತ್ತಿತ್ತು. ಅಮ್ಮ ತುಳುವಿನಲ್ಲಿ ಒಂದೇ ಮಾತು ಹೇಳುತ್ತಿದ್ದರು, ಅಪ್ಪೆ ಇದ್ದೂ ಬಾಲೆಗೆ ಪೇರ್ ಇಲ್ಲವಲ್ಲ, ಅಂದರೆ ತಾಯಿ ಇದ್ದೂ ಮಗುವಿಗೆ ಹಾಲಿಲ್ಲವಲ್ಲ ಎಂದು. ನಾನು ಎರಡು ಮಕ್ಕಳನ್ನು ಹೆತ್ತವಳು, ಅಂಥ ರಾತ್ರಿ ಇನ್ನೊಂದು ಕಂಡಿಲ್ಲ.

ಅತ್ತ ಕೋವಿಡ್ ವಾರ್ಡಿನಲ್ಲಿ ಮೂರನೇ ದಿನಕ್ಕೆ ತಂಗಿಗೆ ಹಾಲು ಇಳಿಯಿತು. ಎದೆ ಕಲ್ಲಿನ ಹಾಗೆ ಗಟ್ಟಿಯಾಗಿ, ನೋವಿನಿಂದ ಜ್ವರ ಹೆಚ್ಚಾಯಿತು. ಆ ಜ್ವರವನ್ನೂ ಕೋವಿಡ್ ಲೆಕ್ಕಕ್ಕೇ ಬರೆದುಕೊಂಡರು. ಹಾಲು ಹಿಂಡಿ ತೆಗೆಯುವುದು ಹೇಗೆ ಎಂದು ಯಾರೂ ಹೇಳಿಕೊಡಲಿಲ್ಲ. ಪಕ್ಕದ ಮಂಚದ ಒಬ್ಬರು ಬ್ಯಾರಿ ಹೆಂಗಸು, ಪಾಪ ಅವರಿಗೇ ಆಕ್ಸಿಜನ್ ಹಾಕಿತ್ತು, ಮಲಗಿದಲ್ಲಿಂದಲೇ ಕೈಸನ್ನೆ ಮಾಡಿ ತೋರಿಸಿದರಂತೆ. ಹಿಂಡಿದ ಹಾಲನ್ನೆಲ್ಲ ತಂಗಿ ಬಾತ್‌ರೂಮಿನ ಬೇಸಿನ್ನಿಗೆ ಚೆಲ್ಲಿದಳು. 22ಕ್ಕೆ ಡಿಸ್ಚಾರ್ಜ್ ಆಯಿತು. ಮನೆಗೆ ಬಂದ ಮೇಲೂ ಬೇರೆ ಕೋಣೆ. ಮಗುವನ್ನು ಅವಳು ಮೊದಲು ಎತ್ತಿಕೊಂಡದ್ದು ಮೇ 30ರಂದು. ಹುಟ್ಟಿ 17 ದಿನ ಆಗಿತ್ತು. ಎದೆಗೆ ಹಿಡಿದರೆ ಮಗು ಮುಖ ತಿರುಗಿಸಿತು. ಹಾಲೂ ಬಹುತೇಕ ಬತ್ತಿತ್ತು. ಮಗು ಚೀಪಿದರೆ, ಇಲ್ಲವೇ ಆಗಾಗ ಹಿಂಡಿದರೆ ಮಾತ್ರ ಹಾಲು ಬರುತ್ತಾ ಇರುತ್ತದೆ ಎನ್ನುವುದು ಹಟ್ಟಿಯಲ್ಲಿ ದನ ಕಟ್ಟಿದ ಎಲ್ಲರಿಗೂ ಗೊತ್ತು. ಆಸ್ಪತ್ರೆಗೆ ಗೊತ್ತಿರಲಿಲ್ಲವೇ?

ಮಗುವಿಗೆ ಈಗ ನಾಲ್ಕು ವರ್ಷ, ಅಂಗನವಾಡಿಗೆ ಹೋಗುತ್ತಾಳೆ, ಗಟ್ಟಿಮುಟ್ಟಾಗಿದ್ದಾಳೆ. ಡಬ್ಬಿ ಹಾಲು ಕುಡಿದ ಮಕ್ಕಳು ಬೆಳೆಯುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ತಂಗಿಯ ವಿಷಯ ಬೇರೆ. ಒಂದು ವರ್ಷದವರೆಗೂ ಮಗುವನ್ನು ಮುಟ್ಟುವ ಮೊದಲು ಅವಳು ಮೊಣಕೈವರೆಗೆ ಸೋಪು ಹಾಕಿ ತೊಳೆಯುತ್ತಿದ್ದಳು. ಯಾಕೆ ಎಂದರೆ, "ನನ್ನಿಂದ ಬರ್ತದೆ ಅಂತ ಅಲ್ವಾ ಹೇಳಿದ್ದು ಅಕ್ಕ" ಎನ್ನುತ್ತಿದ್ದಳು.

ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಪಿಪಿಇ ಒಳಗೆ ನೀರು ಕುಡಿಯದೆ ಎಂಟು ಗಂಟೆ ನಿಂತವರು ಆ ಸಿಸ್ಟರ್‌ಗಳು. ಅವರಿಗೆ ಮೇಲಿನಿಂದ ಹೇಳಿದ್ದನ್ನು ಅವರು ಮಾಡಿದರು. ಮೊದಮೊದಲು ಜಗತ್ತಿಗೇ ಗೊತ್ತಿರಲಿಲ್ಲ ಎನ್ನುವುದನ್ನೂ ಒಪ್ಪುತ್ತೇನೆ. ಚೀನಾದಲ್ಲಿ ತಾಯಿ ಮಗುವನ್ನು ಎರಡು ವಾರ ಬೇರೆ ಇಡುತ್ತಿದ್ದರು. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2020ರ ಏಪ್ರಿಲ್‌ನಲ್ಲಿ ಬೇರೆ ಇಡಿ ಎಂದೇ ಹೇಳಿತ್ತು. ಆದರೆ ಅದೇ ಸಂಘ ಅದೇ ವರ್ಷದ ಜುಲೈನಲ್ಲಿ ಆ ಮಾತನ್ನು ಬದಲಾಯಿಸಿತು. ನಾನು ತಾರೀಕು ಕೇಳುವುದು ಇದಕ್ಕೇ.

ನಮ್ಮ ಮಗು ಹುಟ್ಟುವ ಹೊತ್ತಿಗೆ ಏನೇನು ಗೊತ್ತಾಗಿತ್ತು ನೋಡಿ. 2020ರ ಫೆಬ್ರವರಿಯಲ್ಲೇ ವುಹಾನಿನ 9 ಬಸುರಿಯರ ವರದಿ ಬಂದಿತ್ತು. ಅವರಲ್ಲಿ 6 ಜನರ ಗರ್ಭನೀರು, ಹೊಕ್ಕುಳ ಬಳ್ಳಿಯ ರಕ್ತ, ಮಗುವಿನ ಗಂಟಲು, ಎದೆಹಾಲು ಎಲ್ಲ ಪರೀಕ್ಷೆ ಮಾಡಿದರು, ಯಾವುದರಲ್ಲೂ ವೈರಸ್ ಸಿಗಲಿಲ್ಲ. ಒಂಬತ್ತೇ ಜನ, ಸಾಲದು ಎನ್ನಬಹುದು. ಜುಲೈನಲ್ಲಿ ನ್ಯೂಯಾರ್ಕಿನಿಂದ 120 ಮಕ್ಕಳ ವರದಿ ಬಂತು. ಅಮ್ಮಂದಿರೆಲ್ಲ ಪಾಸಿಟಿವ್. ಸ್ವಲ್ಪ ಗಟ್ಟಿ ಇದ್ದ ಅಮ್ಮಂದಿರ ಕೋಣೆಯಲ್ಲೇ ಮಗುವನ್ನು ಮುಚ್ಚಿದ ತೊಟ್ಟಿಲಲ್ಲಿ ಇಟ್ಟರು, ಅಮ್ಮ ಮಾಸ್ಕ್ ಹಾಕಿ, ಕೈ ತೊಳೆದು, ಎದೆಹಾಲು ಕೊಟ್ಟಳು. ಹುಟ್ಟಿದ 24 ಗಂಟೆಯಲ್ಲಿ ಒಂದು ಮಗುವಿಗೂ ಪಾಸಿಟಿವ್ ಇರಲಿಲ್ಲ, ವಾರದ ಹೊತ್ತಿಗೆ ಮತ್ತೆ ಪರೀಕ್ಷೆ ಮಾಡಿದ ಮಕ್ಕಳಲ್ಲೂ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮೊದಲ ವರ್ಷದಿಂದಲೂ ಹಾಲು ಕೊಡಿ, ಮಾಸ್ಕ್ ಹಾಕಿ ಕೊಡಿ, ಮಗುವನ್ನು ಹತ್ತಿರವೇ ಇಡಿ ಎಂದು ಹೇಳುತ್ತಾ ಬಂದಿದೆ.

ಹೊರದೇಶದ ಮಾತು ನಮಗ್ಯಾಕೆ ಎನ್ನುತ್ತೀರಾದರೆ ನಮ್ಮದೇ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2020ರ ಸೆಪ್ಟೆಂಬರ್ 4ರ ಪರೀಕ್ಷಾ ಸೂಚನೆಯಲ್ಲಿ ಬರೆದದ್ದು ಓದಿ. ಪಾಸಿಟಿವ್ ಆದ ತಾಯಿ 14 ದಿನ ಮಗುವನ್ನು ಎತ್ತಿಕೊಳ್ಳುವಾಗ ಮಾಸ್ಕ್ ಹಾಕಬೇಕು, ಕೈ ತೊಳೆಯುತ್ತಿರಬೇಕು, ಹಾಲು ಕೊಡುವ ಮೊದಲು ಎದೆ ಶುಚಿ ಮಾಡಿಕೊಳ್ಳಬೇಕು ಎಂದಿದೆ. ಮಗುವನ್ನು ಎತ್ತಿಕೊಳ್ಳುವಾಗ, ಹಾಲು ಕೊಡುವ ಮೊದಲು ಎಂದು ಬರೆಯಬೇಕಾದರೆ ಮಗು ತಾಯಿಯ ಹತ್ತಿರ ಇರಬೇಕಲ್ವಾ? ಪರೀಕ್ಷೆ ಆಗಿಲ್ಲ ಎಂದು ಹೆರಿಗೆ ತಡ ಮಾಡಬಾರದು, ಪರೀಕ್ಷೆಯ ಸೌಲಭ್ಯ ಇಲ್ಲ ಎಂದು ಬಸುರಿಯನ್ನು ಬೇರೆ ಕಡೆ ಕಳಿಸಬಾರದು ಎಂದೂ ಅದೇ ಸೂಚನೆಯಲ್ಲಿದೆ. ನಮ್ಮ ಮಗು ಹುಟ್ಟಿದ್ದು ಆಮೇಲೆ ಎಂಟು ತಿಂಗಳಿಗೆ. ಹಾಗಾದರೆ ಆ ಸಿಸ್ಟರ್ ಹೇಳಿದ ರೂಲ್ಸು ಯಾರದು, ಯಾವ ತಾರೀಕಿನದು?

ಇನ್ನೂ ಒಂದುಂಟು. 2021ರ ಮಾರ್ಚ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಲೆಕ್ಕ ಹೊರಗೆ ಹಾಕಿತು. ತಿಂಗಳು ತುಂಬದ, ತೂಕ ಕಮ್ಮಿ ಇರುವ ಮಕ್ಕಳನ್ನು ಅಮ್ಮನ ಎದೆಗೆ ಒತ್ತಿ ಇಡುವ ಕಾಂಗರೂ ಆರೈಕೆಯನ್ನು ಎಲ್ಲ ಕಡೆ ಮಾಡಿದರೆ 1,25,000ಕ್ಕೂ ಹೆಚ್ಚು ಜೀವ ಉಳಿಸಬಹುದು, ಅಮ್ಮನಿಂದ ಕೋವಿಡ್ ಹತ್ತಿ ಸಾಯಬಹುದಾದ ಮಕ್ಕಳು 2,000ಕ್ಕಿಂತ ಕಮ್ಮಿ ಎಂದು. ಬ್ಯಾಂಕಿನ ಭಾಷೆಯಲ್ಲಿ ಹೇಳಿದರೆ, ಎರಡು ಸಾವಿರದ ಭಯಕ್ಕೆ ಒಂದೂಕಾಲು ಲಕ್ಷವನ್ನು ಅಡವಿಡುವ ವ್ಯವಹಾರ ಇದು. ನಮ್ಮ ಸಂಘದಲ್ಲಿ ಇಂಥ ಸಾಲಕ್ಕೆ ಯಾರೂ ಸಹಿ ಹಾಕುವುದಿಲ್ಲ.

ಹಾಗೆಂದು ಮಗುವಿಗೆ ಅಪಾಯವೇ ಇಲ್ಲ ಎಂದು ವಾದ ಮಾಡುವವಳಲ್ಲ ನಾನು. ಪ್ಯಾರಿಸ್ಸಿನಲ್ಲಿ 2020ರಲ್ಲಿ ಒಂದು ಮಗುವಿಗೆ ಹೊಟ್ಟೆಯೊಳಗೇ, ಮಾಸಿನ (ಪ್ಲಾಸೆಂಟಾದ) ಮೂಲಕವೇ ಸೋಂಕು ಹೋದದ್ದು ಸಾಬೀತಾಯಿತು. ಆಗುತ್ತದೆ, ಆದರೆ ಅಪರೂಪ. ಈ ವೈರಸ್ ಇರುವುದು ಹೆಚ್ಚಾಗಿ ಉಸಿರಿನ ದಾರಿಯಲ್ಲಿ, ರಕ್ತಕ್ಕೆ ಇಳಿಯುವುದು ಕಮ್ಮಿ, ಹಾಗಾಗಿ ಮಾಸು ದಾಟುವುದೂ ಕಮ್ಮಿ. 2022ರಲ್ಲಿ ಬೇರೆ ಬೇರೆ ದೇಶಗಳ ವರದಿಗಳನ್ನು ಒಟ್ಟು ಮಾಡಿ, ಸೋಂಕಿದ್ದ ತಾಯಂದಿರ 14 ಸಾವಿರಕ್ಕೂ ಹೆಚ್ಚು ಮಕ್ಕಳ ಲೆಕ್ಕ ನೋಡಿದರು. ಪಾಸಿಟಿವ್ ಬಂದದ್ದು ನೂರಕ್ಕೆ 1.8. ಅದರಲ್ಲೂ ಹೊಟ್ಟೆಯೊಳಗೇ ಹೋಯಿತು ಎಂದು ಖಚಿತವಾಗಿ ಹೇಳಬಹುದಾದವು ಬೆರಳೆಣಿಕೆಯಷ್ಟು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ನನಗೆ ಮುಖ್ಯ ಅನಿಸಿದ್ದು ಅದೇ. ತಾಯಿಗೆ ಕಾಯಿಲೆ ಜೋರಾದಷ್ಟು ಮಗುವಿಗೆ ಬರುವ ಸಾಧ್ಯತೆಯೂ ಜಾಸ್ತಿ. ಕೋವಿಡ್‌ನ ಡೆಲ್ಟಾ ತಳಿ ಹರಡಿದ ಕಾಲದಲ್ಲಿ ಕೆಲವರಲ್ಲಿ ಮಾಸೇ ಕೆಟ್ಟು, ಮಗು ಹೊಟ್ಟೆಯಲ್ಲೇ ತೀರಿಕೊಂಡದ್ದೂ ಉಂಟು, ಆ ಮಗುವಿಗೆ ಸೋಂಕು ಹತ್ತಿರಲೇಬೇಕು ಅಂತಿಲ್ಲ.

ಅಂದರೆ ನಿಜವಾದ ಅಪಾಯ ಇದ್ದದ್ದು ತಾಯಿಗೆ. ಅದೇ ವಯಸ್ಸಿನ ಬೇರೆ ಹೆಂಗಸರಿಗಿಂತ ಬಸುರಿಯರಿಗೆ ಐಸಿಯು, ವೆಂಟಿಲೇಟರ್ ಬೇಕಾಗುವುದು ಹೆಚ್ಚು. ತಿಂಗಳು ತುಂಬುವ ಮೊದಲೇ ಹೆರಿಗೆ ಆಗುವುದೂ ಹೆಚ್ಚು. ಕಾಪಾಡಬೇಕಾದವಳನ್ನೇ ಆಸ್ಪತ್ರೆ ಮಗುವಿನ ಪಾಲಿಗೆ ಅಪಾಯ ಎಂದು ನೋಡಿತು. ಅದರಿಂದ ಏನಾಯಿತು ಎನ್ನುವುದನ್ನು ಹೇಳಿದರೆ ನನ್ನ ತಪ್ಪೂ ಹೊರಗೆ ಬರುತ್ತದೆ. ಇರಲಿ, ಹೇಳುತ್ತೇನೆ.

ತಂಗಿಯ ಕತೆಯನ್ನು ನಾನು ಸಂಘದಲ್ಲಿ ಎಲ್ಲರ ಹತ್ತಿರ ಹೇಳಿಕೊಂಡು ಅತ್ತಿದ್ದೆ. ಸಹೋದ್ಯೋಗಿಯೊಬ್ಬರ ಸೊಸೆ ಆಗ ಏಳು ತಿಂಗಳ ಬಸುರಿ. ಆ ಕತೆ ಅವಳ ಕಿವಿಗೂ ಹೋಗಿತ್ತು. ಮೇ ಕೊನೆಗೆ ಅವಳಿಗೆ ಜ್ವರ ಬಂತು. ಆಸ್ಪತ್ರೆಗೆ ಹೋದರೆ ಸ್ವಾಬ್ ತೆಗೆಯುತ್ತಾರೆ, ಪಾಸಿಟಿವ್ ಆದರೆ ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂದು ಹೆದರಿ ಐದು ದಿನ ಯಾರಿಗೂ ಹೇಳಲಿಲ್ಲ. ಕಷಾಯ ಕುಡಿದಳು, ಪ್ಯಾರಾಸಿಟಮಾಲ್ ನುಂಗಿದಳು. ಆರನೇ ದಿನ ಮೆಟ್ಟಿಲು ಹತ್ತಲಾಗದೆ ಕೂತಾಗ ಆಕ್ಸಿಜನ್ 84. ವೆಂಟಿಲೇಟರ್ ಹಾಕಿದರು, ಸಿಸೇರಿಯನ್ ಮಾಡಿ ಮಗುವನ್ನು ತೆಗೆದರು. ಇಬ್ಬರೂ ಬದುಕಿದರು, ದೊಡ್ಡದು. ಐದು ದಿನ ಮೊದಲು ಬಂದಿದ್ದರೆ ಅಷ್ಟಾಗುತ್ತಿರಲಿಲ್ಲ ಎಂದು ಡಾಕ್ಟರ್ ಹೇಳಿದ್ದನ್ನು ಸಹೋದ್ಯೋಗಿ ನನ್ನೆದುರಿಗೇ ಹೇಳಿದರು. ನಾನು ತಲೆ ತಗ್ಗಿಸಿದೆ. ಅವಳಿಗೆ ಲಸಿಕೆಯೂ ಆಗಿರಲಿಲ್ಲ, ನನ್ನ ತಂಗಿಗೂ ಆಗಿರಲಿಲ್ಲ. ದೇಶದಲ್ಲಿ ಲಸಿಕೆ ಶುರುವಾದದ್ದು 2021ರ ಜನವರಿ 16ಕ್ಕೆ, ಬಸುರಿಯರು ಹಾಕಿಸಿಕೊಳ್ಳಬಹುದು ಎಂದದ್ದು ಜುಲೈ 2ಕ್ಕೆ. ನಡುವೆ ಎರಡನೇ ಅಲೆ ಪೂರ್ತಿ ಹೋಯಿತು.

ಹಳೇ ಕತೆ ಈಗ ಯಾಕೆ ಎಂದು ನೀವು ಕೇಳಬಹುದು. ಈ ವರ್ಷ, 2025ರ ಮೇ ಜೂನ್‌ನಲ್ಲಿ ಕೋವಿಡ್ ಮತ್ತೆ ಸುದ್ದಿಯಾಯಿತಲ್ಲ, ಆಗ ನಮ್ಮ ನೆರೆಮನೆಯ ಹುಡುಗಿಗೆ ಒಂಬತ್ತು ತಿಂಗಳು ತುಂಬಿತ್ತು. ಶೀತ, ಸಣ್ಣ ಜ್ವರ. ನೋವು ಶುರುವಾಯಿತೆಂದು ತೋರಿಸುತ್ತಿದ್ದ ಆಸ್ಪತ್ರೆಗೆ ಹೋದರೆ, ಅಲ್ಲಿ ಟೆಸ್ಟ್ ಮಾಡಿ, ಪಾಸಿಟಿವ್ ಎಂದು ತಿಳಿದ ಕೂಡಲೇ, "ಇಲ್ಲಿ ಆಗುದಿಲ್ಲ, ಮಂಗಳೂರಿಗೆ ಹೋಗಿ" ಎಂದರು. ನಾನೂ ಜೊತೆಗಿದ್ದೆ. ಈ ಸಲ ಕೇಳಿದೆ. ಎಲ್ಲಿ ಬರೆದಿದೆ ತೋರಿಸಿ ಎಂದೆ. ರಿಸೆಪ್ಶನ್‌ನಲ್ಲಿದ್ದವರು ಒಳಗೆ ಹೋಗಿ ಬಂದು, "ಮೊದಲಿಂದಲೂ ಹೀಗೇ ಮೇಡಂ" ಎಂದರು. ಮೊದಲಿಂದಲೂ ಎಂದರೆ ಎಂದಿನಿಂದ? ಉತ್ತರ ಇಲ್ಲ. ಜಗಳ ಮಾಡುವುದಕ್ಕೆ ಹೊತ್ತೂ ಇರಲಿಲ್ಲ. ಜಡಿಮಳೆಯಲ್ಲಿ ಹೆಜಮಾಡಿ ಟೋಲ್ ದಾಟಿ, ಮೂಲ್ಕಿ, ಸುರತ್ಕಲ್, ಕೂಳೂರು ಸೇತುವೆಯ ಹತ್ತಿರ ಬ್ಲಾಕಿನಲ್ಲಿ ಸಿಕ್ಕಿ, ಹಿಂದಿನ ಸೀಟಿನಲ್ಲಿ ಆ ಹುಡುಗಿ ನನ್ನ ಕೈ ಹಿಡಿದು ಹಿಸುಕುತ್ತಿದ್ದಾಗ ನಾನು ನೆನೆಯದ ದೈವ ಇಲ್ಲ.

ಮಂಗಳೂರಿನ ಆಸ್ಪತ್ರೆಯಲ್ಲಿ ಏನಾಯಿತು ಗೊತ್ತಾ? ಏನೂ ಆಗಲಿಲ್ಲ. ಒಬ್ಬರು ಹಿರಿಯ ಸಿಸ್ಟರ್ ರಿಪೋರ್ಟ್ ನೋಡಿ, "ಸರಿ, ಮಾಸ್ಕ್ ಹಾಕಿಕೊಳ್ಳಮ್ಮ" ಎಂದರು. ಹೆರಿಗೆ ಆಯಿತು. ಮಗುವನ್ನು ಒರೆಸಿ, ಅಮ್ಮನ ಎದೆಯ ಮೇಲೆ ಮಲಗಿಸಿ, ಮೊದಲ ಗಂಟೆಯಲ್ಲೇ ಹಾಲು ಕುಡಿಸಿದರು. ಹಾಲು ಕೊಡದ ಹೊತ್ತಿನಲ್ಲಿ ತೊಟ್ಟಿಲು ಒಂದು ಮಾರು ದೂರ ಇಡಿ, ಕಿಟಕಿ ತೆರೆದಿಡಿ, ಕೆಮ್ಮು ಬಂದರೆ ಮುಖ ಆಚೆ ಮಾಡು, ಅಷ್ಟೇ ಹೇಳಿದ್ದು. ಮೂರನೇ ದಿನ ಮನೆಗೆ. ನಾನು ಹೊರಗೆ ಬೆಂಚಿನಲ್ಲಿ ಕೂತು ಸುಮ್ನೆ ಅತ್ತೆ. ಖುಷಿಗಲ್ಲ. ಇಷ್ಟು ಸುಲಭ ಇತ್ತಾ ಎಂದು.

ಹಾಗಾಗಿ ನಮ್ಮ ಕೋರಿಕೆ ದೊಡ್ಡದೇನಲ್ಲ, ಕೋಟಿ ರೂಪಾಯಿಯ ಕಟ್ಟಡ ಬೇಡ. ಪ್ರತಿ ಹೆರಿಗೆ ಆಸ್ಪತ್ರೆಯ ಲೇಬರ್ ವಾರ್ಡಿನ ಬಾಗಿಲಿಗೆ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ. ಕೋವಿಡ್ ಇದ್ದ ತಾಯಿ ಬಂದರೆ ಇಲ್ಲಿ ಏನು ಮಾಡುತ್ತೇವೆ, ಮಗು ಎಲ್ಲಿರುತ್ತದೆ, ಹಾಲು ಯಾರು ಕೊಡುತ್ತಾರೆ ಎಂದು ಬರೆಯಿರಿ. ಕೆಳಗೆ ಸಹಿ, ತಾರೀಕು ಇರಲಿ. 2020ರಲ್ಲಿ ಅವಸರಕ್ಕೆ ಮಾಡಿದ ಹಳೇ ಆದೇಶ ಯಾವುದಾದರೂ ಫೈಲಿನಲ್ಲಿದ್ದರೆ ಅದನ್ನು ರದ್ದು ಮಾಡಿದ್ದೇವೆ ಎಂದೂ ಬರೆಯಿರಿ, ಯಾಕೆಂದರೆ ನಮ್ಮಲ್ಲಿ ಆದೇಶಗಳು ಹುಟ್ಟುತ್ತವೆ, ಸಾಯುವುದಿಲ್ಲ. ಪಾಸಿಟಿವ್ ಎಂಬ ಒಂದೇ ಕಾರಣಕ್ಕೆ ನೋವು ತಿನ್ನುತ್ತಿರುವವಳನ್ನು ಹೆದ್ದಾರಿಗೆ ಕಳಿಸಬೇಡಿ, ಸಿಸೇರಿಯನ್ನೂ ಮಾಡಬೇಡಿ. ಕಳಿಸಲೇಬೇಕಾದಷ್ಟು ಕಾಯಿಲೆ ಇದ್ದರೆ ಫೋನ್ ಮಾಡಿ, ಮಂಚ ಖಾಲಿ ಉಂಟಾ ಕೇಳಿ, ಆಂಬುಲೆನ್ಸಿನಲ್ಲಿ ಕಳಿಸಿ.

ತಾಯಿ ಐಸಿಯುವಿನಲ್ಲಿದ್ದು ಮಗುವನ್ನು ಬೇರೆ ಇಡಲೇಬೇಕಾದ ಸಂದರ್ಭ ಬರುತ್ತದೆ, ಗೊತ್ತು. ಆಗ ಹಾಲು ಹಿಂಡುವುದಕ್ಕೆ ಒಬ್ಬರು ಸಹಾಯ ಮಾಡಲಿ. ಆ ಹಾಲನ್ನು ಮಗುವಿಗೆ ಮುಟ್ಟಿಸಿ, ಬೇಸಿನ್ನಿಗೆ ಬೇಡ. ಹಾಲಿನಲ್ಲಿ ಎಲ್ಲೋ ಒಮ್ಮೆ ವೈರಸ್ಸಿನ ಚೂರು ಸಿಕ್ಕಿದ್ದುಂಟು, ಆದರೆ ಬದುಕಿದ, ಹರಡಬಲ್ಲ ವೈರಸ್ ಸಿಗಲಿಲ್ಲ ಎನ್ನುವುದು 2020ರ ಆಗಸ್ಟ್‌ನಲ್ಲೇ ಅಮೆರಿಕದ ಪರೀಕ್ಷೆಯಲ್ಲಿ ಗೊತ್ತಾಗಿತ್ತು. ಅದರ ಬದಲು ಅದೇ ಹಾಲಿನಲ್ಲಿ ಮಗುವನ್ನು ಕಾಯುವ ಪ್ರತಿಕಾಯಗಳು ಇರುತ್ತವೆ. ಮತ್ತೆ ದಿನಕ್ಕೆ ಒಮ್ಮೆಯಾದರೂ ತಾಯಿಗೆ ಮಗುವಿನ ವೀಡಿಯೊ ತೋರಿಸಿ. ಇದಕ್ಕೆ ಖರ್ಚಿಲ್ಲ. ಮಗುವನ್ನು ಮನೆಯವರ ಕೈಗೆ ಕೊಡುವಾಗ ಹತ್ತು ನಿಮಿಷ ಕೂರಿಸಿ ಹೇಳಿಕೊಡಿ, ಬರೀ ಕಂಪನಿಯ ಹೆಸರು ಬರೆದ ಚೀಟಿ ಕೊಡಬೇಡಿ.

ಆಶಾ ಕಾರ್ಯಕರ್ತೆಯರಿಗೂ ಒಂದು ಮಾತು ಹೇಳಿಸಿ. ತಾಯಿ ಕಾರ್ಡ್ ಕೊಡುವಾಗಲೇ ಬಸುರಿಗೆ ಅವರು ಹೇಳಲಿ: ಜ್ವರ ಬಂದರೆ ಅಡಗಿಸಬೇಡ, ಉಸಿರು ಕಟ್ಟಿದರೆ, ಮಗುವಿನ ಅಲುಗಾಟ ಕಮ್ಮಿ ಅನಿಸಿದರೆ ಆ ಕ್ಷಣವೇ ಬಾ, ಮಗುವನ್ನು ನಿನ್ನಿಂದ ಯಾರೂ ತೆಗೆದುಕೊಂಡು ಹೋಗುವುದಿಲ್ಲ. ಕೊನೆಯ ಮಾತು ಮೊದಲು ಹೇಳಿದರೂ ಆದೀತು. ಆದರೆ ಅವರು ಅದನ್ನು ಹೇಳಬೇಕಾದರೆ ನೀವು ಅದನ್ನು ಬರೆದು ಕೊಟ್ಟಿರಬೇಕು.

ಆ 2021ರ ಚೀಟಿಯ ಝೆರಾಕ್ಸ್, ತಂಗಿಯ ಡಿಸ್ಚಾರ್ಜ್ ಕಾಗದದ ಝೆರಾಕ್ಸ್ ಎರಡೂ ನನ್ನ ಹತ್ತಿರ ಉಂಟು. ಎರಡರಲ್ಲೂ ಮಗುವನ್ನು ಬೇರೆ ಇಡಲು ಕಾರಣ ಏನೆಂದು ಬರೆದಿಲ್ಲ. ಬೇಕಾದರೆ ತಂದು ತೋರಿಸುತ್ತೇನೆ.

ತಂಗಿಗೆ ಈಗ ಎರಡನೆಯದು, ಆರನೇ ತಿಂಗಳು. ನವೆಂಬರಿಗೆ ತಾರೀಕು ಕೊಟ್ಟಿದ್ದಾರೆ. ಮೊನ್ನೆ ಬಟ್ಟೆ ಒಗೆಯುತ್ತಾ, "ಅಷ್ಟೊತ್ತಿಗೆ ನನಗೆ ಜ್ವರ ಬಂದರೆ ಎಂತ ಮಾಡುದು ಅಕ್ಕ" ಎಂದು ಕೇಳಿದಳು. ಯಾವ ಆಸ್ಪತ್ರೆ ಎಂದು ನಾವಿನ್ನೂ ತೀರ್ಮಾನ ಮಾಡಿಲ್ಲ. ಅಕ್ಟೋಬರ್ ಕೊನೆಯೊಳಗೆ ಯಾರ ಬಾಗಿಲಲ್ಲಿ ಆ ಹಾಳೆ ಕಾಣುತ್ತದೋ ಅಲ್ಲಿಗೆ ಬರುತ್ತೇವೆ.

ಇಂತಿ ನಿಮ್ಮ,
ಕಾಪು ತಾಲೂಕಿನ ಒಬ್ಬಳು ದೊಡ್ಡಮ್ಮ
ಆಗಸ್ಟ್ 2025